ಯೆಲ್ಕಾಳ ಅಂಟಿನ ಡಬ್ಬಿ

ನಾನು ಒಂದು ತಗಡಿನ ಡಬ್ಬಿ. ಅಂಗೈಯಷ್ಟು ಅಗಲ, ಮೇಲೊಂದು ತಿರುಗಿಸುವ ಮುಚ್ಚಳ. ಹುಟ್ಟಿದ್ದು ಪೆಪ್ಪರಮಿಂಟು ತುಂಬಿಸಿಕೊಳ್ಳಲು. ಸ್ಲೊವೇನಿಯಾ ದೇಶದ ಬೋರ್ನಿಕ್ ಎಂಬ ಸಣ್ಣ ಊರಿನಲ್ಲಿ ಅಜ್ಜಿಯೊಬ್ಬಳು ನನ್ನನ್ನು ಕೊಂಡಳು. ಪೆಪ್ಪರಮಿಂಟು ಮುಗಿದ ಮೇಲೆ ಅಂಗಿಯ ಗುಂಡಿಗಳನ್ನು ಹಾಕಿಟ್ಟಳು. ಒಂದು ದಿನ ಮೊಮ್ಮಗಳು ಯೆಲ್ಕಾ ಗುಂಡಿಗಳನ್ನೆಲ್ಲ ಮೇಜಿನ ಮೇಲೆ ಸುರಿದು ನನ್ನನ್ನು ಎತ್ತಿಕೊಂಡು ಓಡಿದಳು. ಅಜ್ಜಿಯ ಬೈಗುಳ ಬೀದಿಯ ತಿರುವಿನ ತನಕ ನಮ್ಮನ್ನು ಹಿಂಬಾಲಿಸಿತು. ನನ್ನ ನಿಜವಾದ ಬಾಳು ಶುರುವಾದದ್ದು ಅಂದು.

ಯೆಲ್ಕಾ ನನ್ನಲ್ಲಿ ತುಂಬಿದ್ದು ಪೈನ್ ಮರದ ಅಂಟು. ಅವಳು ಹ್ಯಾಂಡ್‌ಬಾಲ್ ಆಟಗಾರ್ತಿ. ಒಂದೊಂದು ಕಡೆಗೆ ಏಳು ಜನ, ಕೈಯಲ್ಲೇ ಚೆಂಡು, ಕೈಯಲ್ಲೇ ಗೋಲು. ಬೆರಳಿಗೆ ಅಂಟು ಸವರಿಕೊಂಡರೆ ಚೆಂಡು ಒಂದೇ ಕೈಗೆ ಕಚ್ಚಿಕೊಂಡು ನಿಲ್ಲುತ್ತದೆ. ಬೂಟಿನ ಹಿಮ್ಮಡಿಗೂ ಒಂದಿಷ್ಟು ಮೆತ್ತಿಕೊಂಡಿರುತ್ತಾರೆ, ಆಟದ ನಡುವೆ ಬಗ್ಗಿ ಬೆರಳಿಗೆ ತೆಗೆದುಕೊಳ್ಳಲು. ಹಲಸಿನ ಹಣ್ಣು ಬಿಡಿಸಿದವರಿಗೆ ಈ ಅಂಟು ಎಂಥದ್ದೆಂದು ನಾನು ವಿವರಿಸಬೇಕಾಗಿಲ್ಲ.

ಪರದೇಶದ ಡಬ್ಬಿಗೆ ಹಲಸು ಹೇಗೆ ಗೊತ್ತು, ಕನ್ನಡ ಹೇಗೆ ಬಂತು ಎಂದು ಹುಬ್ಬೇರಿಸಬೇಡಿ. ಎಲ್ಲ ನೀಲಾಂಬಿಕಾಳ ದಯೆ. ಅವಳು ಧಾರವಾಡದವಳು, ಫಿಸಿಯೋಥೆರಪಿ ಓದಲು ಅತ್ತ ಹೋಗಿ ಬೋರ್ನಿಕ್ ಕ್ಲಬ್ಬಿನಲ್ಲೇ ಕೆಲಸಕ್ಕೆ ನಿಂತವಳು. ಅಲ್ಲಿಯ ಭಾಷೆಯನ್ನೂ ಧಾರವಾಡದ ರಾಗದಲ್ಲೇ ಆಡುತ್ತಿದ್ದಳು. ಹಾಗಾಗಿ ನನ್ನ ನೆನಪಿನಲ್ಲಿ ಅವಳ ಮಾತೆಲ್ಲ ಧಾರವಾಡದ್ದೇ. ಆಟ ಮುಗಿದು ಹುಡುಗಿಯರು ಅಂಟುಗೈ ಚಾಚಿಕೊಂಡು ಬಂದರೆ, ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತ, "ಯವ್ವಾ, ಹಲಸಿನಹಣ್ಣು ಕೊಯ್ದವರ ಕೈ ಆಗ್ಯಾವಲ್ಲ ಇವು!" ಎಂದು ಗೊಣಗುತ್ತಿದ್ದಳು. ಎಣ್ಣೆ ಎಂದರೆ ನನಗೆ ಹಾವು ಕಂಡಂತೆ. ನೀಲಾ ಎಂದರೆ ಮಾತ್ರ ಇಷ್ಟ.

ನಾನು ಹೇಳಹೊರಟಿದ್ದು ಯೆಲ್ಕಾಳ ಕೊನೆಯ ಸೀಸನ್ನಿನ ಕಥೆ. ಆಗ ಅವಳು ಬೆಳಗ್ಗೆ ಬೇಕರಿಯಲ್ಲಿ ಬ್ರೆಡ್ಡು ಬೇಯಿಸುತ್ತಿದ್ದಳು, ಸಂಜೆ ತಂಡದ ನಾಯಕಿ. ಆ ವರ್ಷ ಬೋರ್ನಿಕ್‌ಗೆ ಯುರೋಪಿನ ಕ್ಲಬ್ಬುಗಳ ನಾಕೌಟ್ ಕಪ್ಪಿನಲ್ಲಿ ಆಡುವ ಅವಕಾಶ ಸಿಕ್ಕಿತ್ತು. ಪ್ರತಿ ಎದುರಾಳಿಯೊಡನೆ ಎರಡು ಆಟ, ನಮ್ಮೂರಲ್ಲೊಂದು, ಅವರೂರಲ್ಲೊಂದು. ಎರಡೂ ಆಟದ ಗೋಲು ಕೂಡಿಸಿದಾಗ ಕಡಿಮೆ ಇದ್ದವರು ಗಂಟುಮೂಟೆ ಕಟ್ಟಬೇಕು. ಬೋರ್ನಿಕ್ ಮೊದಲ ಸುತ್ತಿನಲ್ಲೇ ಕಟ್ಟುತ್ತದೆಂದು ಊರಿನವರೇ ಅಂದುಕೊಂಡಿದ್ದರು.

ಯೆಲ್ಕಾಳ ಬಲಗೈಯಲ್ಲಿ ಒಂದು ಗುಟ್ಟಿತ್ತು. ಹಿಂದಿನ ವರ್ಷ ಬಿದ್ದಾಗಿನಿಂದ ಉಂಗುರದ ಬೆರಳೂ ಕಿರುಬೆರಳೂ ಮಡಚುತ್ತಿರಲಿಲ್ಲ. ಅಂಟಿದ್ದರೆ ಮಾತ್ರ ಚೆಂಡು ಅವಳ ಕೈಯಲ್ಲಿ ನಿಲ್ಲುತ್ತಿತ್ತು. ಇದು ಗೊತ್ತಿದ್ದದ್ದು ನೀಲಾಳಿಗೆ ಮತ್ತು ನನಗೆ. ಉಳಿದವರು ಅಂಟನ್ನು ಬೆರಳ ತುದಿಯಲ್ಲಿ ಮುಟ್ಟಿ ಹೋದರೆ ಅವಳು ಹೆಬ್ಬೆರಳು ಊರಿ ತೋಡಿಕೊಳ್ಳುತ್ತಿದ್ದಳು. ನನಗೋ ಕೊಂಬು ಬಂದಿತ್ತು. ನಾನಿಲ್ಲದಿದ್ದರೆ ಇವಳ ಆಟವೇ ಇಲ್ಲ ಎಂದು ಬೀಗುತ್ತಿದ್ದೆ.

ಏನು ಆಟ ಅಂತೀರಿ! ಶರತ್ಕಾಲದಲ್ಲಿ ಉತ್ತರದ ಮೀನುಗಾರರ ಊರಿಗೆ ಹೋದೆವು. ಎಡಕ್ಕೆ ನೋಡುತ್ತ ಬಲಕ್ಕೆ ಚೆಂಡು ಕೊಟ್ಟು ಅವರ ಕೋಟೆಯನ್ನೇ ಒಡೆದಳು. ಚಳಿಗಾಲದಲ್ಲಿ ಬಂದವರು ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಅವರ ಕಾಲುಗಳ ಸಂದಿಯಲ್ಲೇ ಚೆಂಡು ಪುಟಿಸಿ ಗೋಲು ಹಾಕಿದಳು. ಆ ತಂಡದ ಗೋಲ್‌ಕೀಪರೇ ಬಂದು ಅವಳ ಕೈಕುಲುಕಿ ನಕ್ಕಳು. ಒಂದೊಂದು ಸುತ್ತು ದಾಟಿದಂತೆ ಬೇಕರಿಯ ಮುಂದೆ ಬ್ರೆಡ್ಡಿಗಿಂತ ಮಾತಿಗೆ ಬರುವವರೇ ಹೆಚ್ಚಾದರು. ಹೀಗೆ ನಾವು ಫೈನಲ್ ಮುಟ್ಟಿದೆವು. ಮೊದಲ ಆಟ ನಮ್ಮೂರಲ್ಲಿ. ಮೂರು ಗೋಲುಗಳಿಂದ ಗೆದ್ದೆವು.

ಎರಡನೆಯದು ಎದುರಾಳಿಗಳ ದೊಡ್ಡ ನಗರದಲ್ಲಿ. ಅಲ್ಲಿಯ ಒಳಾಂಗಣಕ್ಕೆ ಹೊಸ ಮರದ ನೆಲ ಹಾಕಿಸಿದ್ದರು. ನೆಲ ಕೆಡುತ್ತದೆಂದು ಅಂಟಿಗೆ ನಿಷೇಧ. ಎರಡೂ ತಂಡಕ್ಕೆ ಒಂದೇ ನಿಯಮ. ಯಾರ ಮೈಮೇಲಾದರೂ ಅಂಟು ಸಿಕ್ಕರೆ ಆ ಆಟಗಾರ್ತಿ ಹೊರಗೆ. ಅಭ್ಯಾಸದ ಕೋಣೆಯಲ್ಲಿ ಯೆಲ್ಕಾ ಒಣಗೈಯಲ್ಲಿ ಚೆಂಡು ಹಿಡಿದಳು. ಅದು ಜಾರಿ ಉರುಳಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಬೂಟಿನ ಲೇಸು ಕಟ್ಟುವವಳಂತೆ ಕುಳಿತು, ನನ್ನ ಮುಚ್ಚಳ ತಿರುಗಿಸಿ, ಉಳಿದಿದ್ದ ಒಂದೇ ಮುದ್ದೆ ಅಂಟು ತೆಗೆದು ಹಿಮ್ಮಡಿಯ ಮಡಿಕೆಯಲ್ಲಿ ಒತ್ತಿದಳು.

"ಏನ್ ಮಾಡಾಕತ್ತಿ ಯಕ್ಕಾ?" ನೀಲಾ ಬಾಗಿಲಲ್ಲಿ ನಿಂತಿದ್ದಳು.

"ನೋಡಿಲ್ಲ ಅಂತ ಅಂದ್ಕೋ. ಇದಿಲ್ಲದೆ ಚೆಂಡು ನನ್ನ ಕೈಲಿ ನಿಲ್ಲಲ್ಲ. ಬೆಂಚಲ್ಲಿ ಕೂತು ಮುಗಿಸ್ಲಾ ನಾನು? ಇದೇ ನನ್ನ ಕೊನೇ ಆಟ, ನೀಲಾ."

"ಸಿಕ್ಕಿಬಿದ್ರ ನೀ ಒಬ್ಬಾಕಿ ಹೊರಗ ಹೋಗ್ತಿ. ಸಿಕ್ಕಿಬೀಳದ ಗೆದ್ರ? ಆ ಕಪ್ ನೋಡಿದಾಗೆಲ್ಲ ನಿನ್ನ ಹಿಮ್ಮಡಿನ ನೆನಪಾಗ್ತದ." ಇಷ್ಟು ಹೇಳಿ ನೀಲಾ ಎಣ್ಣೆಯ ಬಾಟಲಿಯನ್ನು ಅವಳ ಪಕ್ಕದಲ್ಲಿಟ್ಟಳು. "ತೆಗಿಯೋದು ಬಿಡೋದು ನಿನ್ನ ಕೈಯಾಗ ಐತಿ. ನಾ ಯಾರಿಗೂ ಹೇಳಂಗಿಲ್ಲ."

ಯೆಲ್ಕಾ ಬೂಟು ಬಿಚ್ಚಿ ಮಡಿಲಿಗೆ ಎಳೆದುಕೊಂಡಳು. ಆಮೇಲೆ ಆ ಮುದ್ದೆಯನ್ನು ಕಿತ್ತು ನನ್ನ ತಳಕ್ಕೆ ಹೆಬ್ಬೆರಳಿನಿಂದ ಬಲವಾಗಿ ಒತ್ತಿ ಮುಚ್ಚಳ ಹಾಕಿದಳು. ಬೂಟನ್ನು ಎಣ್ಣೆಯಿಂದ ಒರೆಸಿದಳು. ನೇರವಾಗಿ ತಂಡದ ನಡುವೆ ಹೋಗಿ ನಿಂತು ಬಲಗೈ ಎತ್ತಿ ತೋರಿಸಿದಳು. "ಈ ಕೈ ಮುಚ್ಚಲ್ಲ. ಒಂದು ವರ್ಷದಿಂದ ಅಂಟಿನ ಮೇಲೇ ಆಡ್ತಿದೀನಿ. ನಿಮ್ಮಿಂದ ಮುಚ್ಚಿಟ್ಟೆ."

ಕೋಚ್ ಬ್ರೇದಾ ಸಿಡುಕಿನ ಹೆಂಗಸು. ಅವಳು ಮುಖ ಕೆಂಪಾಗಿಸಿಕೊಂಡು, "ಇದನ್ನ ಇವತ್ತು ಹೇಳ್ತೀಯಾ? ಇವತ್ತು?" ಎಂದು ಹರಿಹಾಯ್ದಳು. ಆಮೇಲೆ ಆ ಕೈಯನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ದನಿ ಇಳಿಯಿತು. "ಚೆಂಡು ಕೈಲಿ ನಿಲ್ಲಲ್ಲ ಅಂದ್ರೆ ನಿಲ್ಲಿಸೋದೇ ಬೇಡ. ಚೆಂಡು ಬಂದ ತಕ್ಷಣ ಎರಡೂ ಅಂಗೈಯಿಂದ ಮುಂದಕ್ಕೆ ಬಡಿ. ನಿನ್ನ ಕಂಡ್ರೆ ಅವರಲ್ಲಿ ಇಬ್ಬರಾದ್ರೂ ಮೇಲೆ ಬೀಳ್ತಾರೆ. ಬಾಕಿಯವರು ಖಾಲಿ ಜಾಗಕ್ಕೆ ಓಡಿ."

ನಿಷೇಧದ ವಸ್ತುವಾದ ನಾನು ಆ ಆಟವನ್ನು ಕಣ್ಣಾರೆ ನೋಡಲಿಲ್ಲ. ನೀಲಾಳ ಚೀಲದಲ್ಲಿ, ಬೆಂಚಿನ ಕೆಳಗೆ ಕತ್ತಲಲ್ಲಿದ್ದೆ. ಬೂಟುಗಳ ಕೀರಲು ಸದ್ದು, ಜನರ ಗದ್ದಲ, ಅದರ ಮೇಲೆ ನೀಲಾಳ ಕೂಗು. ಉದ್ವೇಗ ಏರಿದಂತೆ ಅವಳು ಅಲ್ಲಿಯ ಭಾಷೆ ಮರೆತು ಅಚ್ಚ ಕನ್ನಡಕ್ಕೆ ಇಳಿದಿದ್ದಳು. "ಹಿಡಿಬ್ಯಾಡ, ಬಡಿ! ಹಂಗ! ಭೇಷ್ ಯಕ್ಕಾ!" ಮೊದಮೊದಲು ಚೆಂಡು ಎಲ್ಲೆಲ್ಲಿಗೋ ಹೋಯಿತು. ಎದುರಾಳಿಗಳು ಮುಂದೆ ಓಡಿದರು. ಕೊನೆಯ ನಿಮಿಷದಲ್ಲಿ ನಾವು ಮೂರು ಗೋಲು ಹಿಂದೆ, ಅಂದರೆ ಎರಡೂ ಆಟ ಕೂಡಿಸಿದರೆ ಸರಿಸಮ. ನನ್ನ ಜಂಬವೆಲ್ಲ ಇಳಿದುಹೋಗಿತ್ತು. ದೇವರೇ, ನಾನಿಲ್ಲದೆಯೂ ಇವಳು ಗೆಲ್ಲಲಿ ಎಂದು ಮಾತ್ರ ಬೇಡುತ್ತಿದ್ದೆ.

"ಯಕ್ಕನ ಕಡೆ ಬಂತು... ಮೂರು ಮಂದಿ ಮ್ಯಾಲೆ ಬಿದ್ರು... ಬಡದ್ಲು! ಮೂಲ್ಯಾಗಿನ ಹುಡುಗಿಗೆ ಹೋತು... ಗೋಲ್! ಯವ್ವಾ, ಗೋಲ್!"

ಆಟ ಮುಗಿದ ಸೀಟಿ ಕೇಳಿಸಿತು. ಆ ಆಟವನ್ನು ನಾವು ಎರಡು ಗೋಲಿನಿಂದ ಸೋತಿದ್ದೆವು. ಒಂದು ಗೋಲಿನಿಂದ ಕಪ್ ನಮ್ಮದಾಗಿತ್ತು. ಸೋತವರು ಕುಣಿಯುವುದನ್ನೂ ಗೆದ್ದವರು ಅಳುವುದನ್ನೂ ನಾನು ಅಂದು ಒಟ್ಟಿಗೆ ಕೇಳಿದೆ. ಯೆಲ್ಕಾ ಬಂದು ಚೀಲದಿಂದ ನನ್ನನ್ನು ತೆಗೆದು ನೀಲಾಳ ಕೈಗಿಟ್ಟಳು. ಅವಳ ಅಂಗೈಗಳು ಕೆಂಪಗೆ ಊದಿಕೊಂಡಿದ್ದವು. "ಇಟ್ಕೋ. ನನಗಿನ್ನು ಬೇಡ" ಎಂದಳು.

ಈಗ ನಾನು ಧಾರವಾಡದಲ್ಲಿ, ನೀಲಾಳ ಕ್ಲಿನಿಕ್ಕಿನ ಕಪಾಟಿನ ಮೂಲೆಯಲ್ಲಿದ್ದೇನೆ. ಬಣ್ಣ ಹೋಗಿದೆ, ಮುಚ್ಚಳ ಸಡಿಲವಾಗಿದೆ. ಬ್ಯಾಂಡೇಜಿನ ಕ್ಲಿಪ್ಪು ಹಾಕಿಡುತ್ತಾರೆ. ಮೊನ್ನೆ ಕಸ ಗುಡಿಸುವ ಗುರವ್ವ ನನ್ನನ್ನು ಬಗ್ಗಿಸಿ ನೋಡಿ, "ಬಾಯಾರ, ಇದರ ತಳದಾಗ ಏನೋ ಜಿಗಟು ಕುಂತೈತಿ. ಎಣ್ಣಿ ಹಚ್ಚಿ ತಿಕ್ಕಲೇನ್ರಿ?" ಎಂದಳು.

ಲೋಟದಲ್ಲಿ ಮುಖ ಕಾಣುವ ತನಕ ತಿಕ್ಕಿಸುವ ನೀಲಾ ಕುರ್ಚಿಯಿಂದ ಎದ್ದೇ ಬಂದಳು. "ಅದನ್ನ ಮುಟ್ಟಬ್ಯಾಡ ಗುರವ್ವಾ. ಅದು ನಮ್ಮ ಯೆಲ್ಕಕ್ಕನ ಹೆಬ್ಬಟ್ಟು."

ಯೆಲ್ಕಾಳಿಗೆ ನಾನು ಎಷ್ಟೋ ವರ್ಷ ಅಂಟು ಕೊಟ್ಟೆ. ಅದೆಲ್ಲ ಕೊಬ್ಬರಿ ಎಣ್ಣೆಗೆ ಕರಗಿ ಹೋಯಿತು. ಅವಳು ನನಗೆ ವಾಪಸು ಕೊಟ್ಟದ್ದು ಮಾತ್ರ ಇನ್ನೂ ಇದೆ.