ಒಂದು ಉದ್ಧರಣೆ ಮಳೆ

ವೆಂಕಟಮ್ಮ ಉದ್ಧರಣೆಯ ತುಂಬ ನೀರು ತೆಗೆದು ಮಳೆಮಾಪಕದ ಬಾಯಿಗೆ ಬಿಟ್ಟಳು. ಡಬ್ಬಕ್ಕೆ ಕುಂಕುಮವಿಟ್ಟು ಕೈಮುಗಿದು ಒಳಗೆ ಹೋದಳು. ಎದುರುಮನೆಯ ಜಗಲಿಯಲ್ಲಿ ಬೇವಿನ ಕಡ್ಡಿ ಅಗಿಯುತ್ತಿದ್ದ ತಮ್ಮಯ್ಯನ ಬಾಯಿ ಹಾಗೇ ನಿಂತಿತು. ಮೋಡವಿಲ್ಲದ ದಿನವೂ ಡಬ್ಬದಲ್ಲಿ ನೀರು ಹೇಗೆ ಬರುತ್ತದೆ ಎಂಬುದು ಈಗ ಗೊತ್ತಾಯಿತು.

ಕ್ಯಾತನಹಳ್ಳಿಗೆ ಆ ಡಬ್ಬ ಬಂದದ್ದು ತೊಂಬತ್ನಾಲ್ಕರ ಮುಂಗಾರಿನಲ್ಲಿ. ಮೈಸೂರಿನ ಕಾಲೇಜೊಂದರ ರವೀಂದ್ರ ಎಂಬಾತ ಸುತ್ತಿನ ಹನ್ನೆರಡು ಊರುಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು, ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಬರೆದಿಡಲು ಹೇಳಿದ್ದ. ಊರಿನವರೇ ಕೈ ಹಾಕದಿದ್ದರೆ ಈ ಸಂಶೋಧನೆ ಆಗದು ಎಂದಿದ್ದ. ತಮ್ಮಯ್ಯ ಅವನನ್ನು ಜಗಲಿಯಲ್ಲಿ ಕೂರಿಸಿ, ಅರವತ್ತೆರಡರ ಹಸ್ತೆ ಮಳೆಗೆ ಯಾರ ಮೆದೆ ನೆಂದಿತು, ಯಾವ ವರ್ಷ ರೋಹಿಣಿ ಕೈಕೊಟ್ಟಿತು, ಎಲ್ಲ ಹೇಳಿದ. ಆತ ತಲೆಯಾಡಿಸುತ್ತ ಕೇಳಿದ, ಮಜ್ಜಿಗೆ ಕುಡಿದ, ಎದ್ದುಹೋಗಿ ಡಬ್ಬವನ್ನು ವೆಂಕಟಮ್ಮನ ಗಂಡ, ಅಕ್ಕಸಾಲಿ ಕೃಷ್ಣಮೂರ್ತಿಯ ಅಂಗಳದಲ್ಲಿ ನೆಟ್ಟ. ಕೃಷ್ಣಮೂರ್ತಿಯದು ಗುಂಜಿ ತೂಗುವ ಕೈ. ಅಕ್ಷರವೂ ದುಂಡಗೆ.

ಅಂದಿನಿಂದ ಮಳೆಯ ಮಾತಿಗೆ ಯಾರೂ ತಮ್ಮಯ್ಯನ ಜಗಲಿ ಹತ್ತಲಿಲ್ಲ.

"ಆಚಾರ್ರೇ, ರಾತ್ರಿ ಏಟು ಉಯ್ತು?" ಎಂದು ಚಲುವರಾಜು ಸೈಕಲ್ಲಿನಿಂದಲೇ ಕೂಗುವನು.

"ಹನ್ನೆರಡೂವರೆ ಮಿಲ್ಲಿ ಕಣಪ್ಪ."

"ಮಿಲ್ಲಿಯಂತೆ, ಮಿಲ್ಲಿ. ಮಣ್ಣು ಒಂದು ಗೇಣು ನೆಂದದೆ ಅಂತ ಯೋಳಕ್ಕಾಗಲ್ವಾ?" ಎಂದು ತಮ್ಮಯ್ಯ ಗೊಣಗಿದರೆ, ಹೆಂಡತಿ ಚಿಕ್ಕಬೋರಮ್ಮ ಕಸ ಗುಡಿಸುತ್ತಲೇ ಚುಚ್ಚುವಳು. "ಒತ್ತಾರೆಯಿಂದ ಆ ಡಬ್ಬನೇ ನೋಡ್ತಾ ಕುಂತಿದ್ದೀಯಲ್ಲ! ನನ್ನ ನೋಡಕ್ಕೆ ಬಂದಾಗ್ಲೂ ಇಷ್ಟೊತ್ತು ನೋಡಿರ್ನಿಲ್ಲ ನೀನು."

ವೆಂಕಟಮ್ಮನ ನೀರನ್ನು ಕಂಡದ್ದು ಮಘೆ ಮಳೆಯ ಹೊತ್ತಿಗೆ. ತಮ್ಮಯ್ಯ ಹೆಂಡತಿಗೂ ಹೇಳಲಿಲ್ಲ. ಒಣ ದಿನಗಳಲ್ಲೂ ಕೃಷ್ಣಮೂರ್ತಿ ಅಳತೆಯ ಗಾಜನ್ನು ಬೆಳಕಿಗೆ ಹಿಡಿದು, "ಪಾಯಿಂಟ್ ಎರಡು. ಇಬ್ಬನಿ ಇರ್ಬೇಕು" ಎಂದು ಬರೆದುಕೊಳ್ಳುವುದನ್ನು ನೋಡಿ ಒಳಗೊಳಗೇ ನಗುವನು. ಬಾಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡಂತೆ ಆ ಗುಟ್ಟನ್ನು ಒಂದೂವರೆ ತಿಂಗಳು ಚೀಪಿದ.

ಹಸ್ತೆಯಲ್ಲಿ ರವೀಂದ್ರ ಮತ್ತೆ ಬಂದ. ಪುಸ್ತಕ ತಿರುವುತ್ತ ಅವನ ಹುಬ್ಬು ಗಂಟಿಕ್ಕಿತು.

"ಇಬ್ಬನಿ ಇಷ್ಟು ಬೀಳೋದಿಲ್ಲ ಆಚಾರ್ರೇ. ಪಕ್ಕದೂರಲ್ಲೆಲ್ಲ ಸೊನ್ನೆ ಇದೆ."

ಆಗಲೇ ಐದಾರು ಜನ ಸೇರಿದ್ದರು. ತಮ್ಮಯ್ಯ ಟವಲು ಕೊಡವಿ ಬೀದಿ ದಾಟಿ ಬಂದ.

"ಇಬ್ಬನೀನೂ ಅಲ್ಲ, ಮಳೇನೂ ಅಲ್ಲ ಸ್ವಾಮಿ. ಎಂಕ್ಟಮ್ಮನ ತೀರ್ಥ ಅದು! ದಿನಾ ಒಂದು ಉದ್ಧರಣೆ."

ಎಲ್ಲರೂ ಗೊಳ್ಳೆಂದು ನಕ್ಕರು. ವೆಂಕಟಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ದಿನಾ ಅವರ ಚಿಮಟ, ಸುತ್ತಿಗೆ ಎಲ್ಲಕ್ಕೂ ನೀರು ಪ್ರೋಕ್ಷಣೆ ಮಾಡಿ ಕುಂಕುಮ ಇಡ್ತೀನಿ. ಇದೂ ಅವರ ಸಾಮಾನೇ ಅಲ್ವಾ ಅಂತ..."

ಕೃಷ್ಣಮೂರ್ತಿ ಹೆಂಡತಿಯ ಕಡೆ ನೋಡಲಿಲ್ಲ. ಪುಸ್ತಕದ ಕಡೆಯೂ ನೋಡಲಿಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು ಯಜಮಾನ್ರೇ?" ರವೀಂದ್ರ ಕೇಳಿದ.

"ಮಘೇಲೇ."

"ಅವತ್ತೇ ಒಂದು ಮಾತು ಹೇಳ್ಬಾರ್ದಿತ್ತಾ?"

ತಮ್ಮಯ್ಯ ಟವಲು ಹೆಗಲಿಗೆ ಹಾಕಿಕೊಂಡು ಪುಸ್ತಕದ ಪಕ್ಕ ಬಂದು ಕುಳಿತ. ಆಮೇಲೆ ಒಂದು ಗಂಟೆ ಅವನು ಅಲ್ಲೇ ಕೂತು, ಯಾವ ದಿನ ನಿಜವಾಗಿ ಹನಿ ಬಿತ್ತು, ಯಾವ ದಿನ ಬೀಳಲಿಲ್ಲ ಎಂದು ನೆನಪಿನಿಂದ ಹೇಳುತ್ತ ಹೋದ. ಕಣದಲ್ಲಿ ಹುರುಳಿ ಒಣಗಿದ ದಿನ, ಕರು ಹಾಕಿದ ದಿನ. ಕೃಷ್ಣಮೂರ್ತಿ ಒಂದೊಂದನ್ನೂ ನೇರ ಗೆರೆ ಎಳೆದು ಹೊಡೆದುಹಾಕಿದ. ಹೊಡೆದುಹಾಕುವಾಗಲೂ ಆ ಗೆರೆ ಎಷ್ಟು ಚೆಂದ ಎಂದು ತಮ್ಮಯ್ಯನ ಹೊಟ್ಟೆ ಉರಿಯಿತು.

"ಇದು ಇನ್ನು ನಮ್ಮಂಗಳದಲ್ಲಿ ಬೇಡ ಸಾರ್," ಎಂದ ಕೃಷ್ಣಮೂರ್ತಿ ಪೆನ್ನು ಮುಚ್ಚಿ. "ತಮ್ಮಯ್ಯಣ್ಣನ ಮನೆ ಮುಂದೆ ನೆಡಿ." ತಾನೇ ಹಾರೆ ತಂದು ಬುಡ ಅಗೆದ. ಪುಸ್ತಕ, ಅಳತೆಯ ಗಾಜು, ಪೆನ್ನು ಮೂರನ್ನೂ ತಂದು ಜಗಲಿಯ ಮೇಲಿಟ್ಟು ಹೋದ.

ಎಂಟು ದಿನ ಒಂದು ಹನಿಯೂ ಇಲ್ಲ. ತಮ್ಮಯ್ಯ ದಿನಾ ಸೊನ್ನೆ ಸುತ್ತಿದ. ಸೊನ್ನೆ ಸುತ್ತಲು ಅವನ ಎರಡನೇ ಕ್ಲಾಸು ಸಾಕಾಗಿತ್ತು. ಒಂಬತ್ತನೆಯ ರಾತ್ರಿ ಚಿತ್ತೆ ಮಳೆ ಹಿಡಿದು ಹೊಡೆಯಿತು.

ಬೆಳಿಗ್ಗೆ ಡಬ್ಬದ ನೀರನ್ನು ಗಾಜಿಗೆ ಸುರಿದು ಕಣ್ಣಿನ ಮಟ್ಟಕ್ಕೆ ಹಿಡಿದ. ಗೀರುಗಳು ಒಂದರೊಳಗೊಂದು ಕಲೆತುಕೊಂಡವು. ದೂರ ಹಿಡಿದ, ಹತ್ತಿರ ಹಿಡಿದ, ಕಣ್ಣೊರೆಸಿಕೊಂಡು ಮತ್ತೆ ಹಿಡಿದ. ಬೀದಿಯಲ್ಲಿ ಮೂರು ಜನ ನಿಂತು ಕಾಯುತ್ತಿದ್ದರು.

"ಯೋಳಣ್ಣೋ, ಏಟಾಯ್ತು?"

"ತಡೀಲಾ," ಎಂದ ತಮ್ಮಯ್ಯ.

ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಗಾಜಿನ ಬಾಯಿಗೆ ಅಂಗೈ ಮುಚ್ಚಿ, ಕೆಸರಿನಲ್ಲಿ ಜಾರದಂತೆ ಒಂದೊಂದೇ ಹೆಜ್ಜೆಯಿಟ್ಟು ಬೀದಿ ದಾಟಿದ. ಅಕ್ಕಸಾಲಿಯ ಬಾಗಿಲು ಅರ್ಧ ತೆರೆದಿತ್ತು. ಹೊಸಿಲಿನ ಈಚೆ ನಿಂತು ಗಾಜನ್ನು ಒಳಕ್ಕೆ ಚಾಚಿದ. ಒಳಗೆ ಕುಟ್ಟುವ ಸದ್ದು ನಿಂತಿತು.