ಬಾಡಿಗೆ ಕಾರಿನಲ್ಲಿ ಅಮ್ಮನ ಊರಿಗೆ

ನಮ್ಮ ಫುಝಿನೆ ಬಡಾವಣೆಯಲ್ಲಿ ಊರಿನ ಮಾತು ಬರದೆ ಯಾರ ಮನೆಯ ಕಾಫಿಯೂ ಮುಗಿಯುವುದಿಲ್ಲ. ಕೆಲಸ ಇಲ್ಲಿ ಲ್ಯುಬ್ಲಿಯಾನಾದಲ್ಲಿ, ಅಮ್ಮಂದಿರು ಅಲ್ಲಿ ಬೋಸ್ನಿಯಾದಲ್ಲಿ. ನಡುವೆ ಕ್ರೊಯೇಷಿಯಾ, ದಾಟಲು ಎರಡು ಗಡಿ. ಸ್ವಂತ ಕಾರು ಕೈಕೊಟ್ಟರೆ ಬಾಡಿಗೆ ಕಾರು ಹಿಡಿದು ಹೊರಟುಬಿಡುತ್ತೇವೆ. ಹಾಗೆ ಹೊರಟ ಹಸಿಬ್‌ನ ಕಥೆ ಇದು. ನಾನು ಶೆಫಿಕಾ, ಅವನ ಎದುರುಮನೆಯವಳು. ಬಾಡಿಗೆ ಕಾರಿನ ಅಂಗಡಿಯಲ್ಲಿ ಏಳು ವರ್ಷದಿಂದ ಕಾರು ತೊಳೆಯುತ್ತಿದ್ದೇನೆ.

ಶುಕ್ರವಾರ ಸಂಜೆ ಅವನ ಹೆಂಡತಿ ಮೆವ್ಲಿದಾ ಬಾಗಿಲು ತಟ್ಟಿದಳು. ಕಣ್ಣು ಕೆಂಪಾಗಿತ್ತು.

"ಅತ್ತೆಗೆ ತುಂಬಾ ಜಾಸ್ತಿಯಾಗಿದೆ ಅಕ್ಕ. ಇನ್ನು ಎರಡು ಮೂರು ದಿನ ಅಂತಾರೆ ಡಾಕ್ಟರು. ಹಸಿಬ್ ಬಂದ್ನಾ, ಹಸಿಬ್ ಬಂದ್ನಾ ಅಂತ ಅದೊಂದೇ ಮಾತಂತೆ."

ಎರಡು ವರ್ಷದ ಹಿಂದೆ ಪ್ಲಮ್ ತೋಟ ಮಾರುವ ವಿಷಯಕ್ಕೆ ತಾಯಿ ಮಗನಿಗೆ ಜಗಳವಾಗಿತ್ತು. ಹಸಿಬ್ ಬಾಗಿಲು ಧಡ್ಡನೆ ಎಳೆದುಕೊಂಡು ಹೊರಟು ಬಂದವನು ಮತ್ತೆ ಹೋಗಿರಲಿಲ್ಲ. ನಮ್ಮಲ್ಲಿ ಸಾಯುವ ಮುಂಚೆ ಒಬ್ಬರನ್ನೊಬ್ಬರು "ಹಲಾಲ್ ಮಾಡು" ಎಂದು ಕೇಳಿಕೊಳ್ಳುತ್ತೇವೆ. ನೀನು ನನಗೆ ಮಾಡಿದ್ದನ್ನೆಲ್ಲ ಮನ್ನಿಸಿದೆ, ನೀನೂ ಮನ್ನಿಸು ಎಂದು ಅದರರ್ಥ. ಆ ಮುದುಕಿಗೆ ಕಿವಿ ಕೇಳಿಸದು, ಕಣ್ಣೂ ಮಂಜು. ಫೋನಿನಲ್ಲಿ ಆಗುವ ಮಾತಲ್ಲ ಅದು. ಮಗ ಹೋಗಿ ಕೈ ಹಿಡಿಯಬೇಕಿತ್ತು.

ಅವರ ಕಾರಿನ ಗೇರ್‌ಬಾಕ್ಸ್ ಹೋಗಿತ್ತು. ಅವಳ ಹಿಂದೆಯೇ ಬಂದಿದ್ದ ಹಸಿಬ್ ಭಾನುವಾರಕ್ಕೆ ಬಾಡಿಗೆ ಕಾರು ಗೊತ್ತು ಮಾಡುತ್ತೇನೆ ಎಂದ. ನಾನು ಕಾಫಿ ಬಗ್ಗಿಸುತ್ತಲೇ ಹೇಳಿದೆ.

"ಬೋಸ್ನಿಯಾಕ್ಕೆ ಹೋಗ್ತೀನಿ ಅಂತ ಮೊದಲೇ ಹೇಳು ಹಸಿಬ್. ಗಡಿ ದಾಟೋಕೆ ಅನುಮತಿ ಪತ್ರ ಬರೆದು ಕೊಡ್ತಾರೆ. ಅಲ್ಲಿ ವಿಮೆ ನಡೆಯುತ್ತೆ ಅನ್ನೋದಕ್ಕೆ ಹಸಿರು ಕಾರ್ಡೂ ಇಸ್ಕೋ. ಕೊಡಲ್ಲ ಅಂದ್ರೆ ಬಸ್ಸಿದೆ, ಹತ್ತಿ ಹೋಗು."

"ಅಕ್ಕ, ನಾನು ಹುಟ್ಟಿದಾಗ ಇಲ್ಲಿಂದ ಅಲ್ಲೀವರೆಗೂ ಒಂದೇ ದೇಶ. ನಮ್ಮಮ್ಮನ ಮನೆಗೆ ಹೋಗೋಕೆ ಕಾರಂಗಡಿಯವನ ಹತ್ರ ಚೀಟಿ ಬರೆಸ್ಕೋಬೇಕಾ ನಾನು?"

"ಆ ದೇಶ ಹೋಗಿ ಎಷ್ಟು ವರ್ಷ ಆಯ್ತಪ್ಪ. ನಿನಗೊಬ್ಬನಿಗೆ ಸುದ್ದಿ ಬಂದಿಲ್ಲ ನೋಡು."

"ಕ್ರೊಯೇಷಿಯಾ ಗಡೀಲಿ ಈಗ ನಾಯಿನೂ ನಿಂತಿರಲ್ಲ. ನೀನು ಕಾರು ತೊಳೀತಿಯೋ ಕಾನೂನು ಓದ್ತಿಯೋ?"

ನಮ್ಮ ಗಂಡಸರೆಲ್ಲ ಮಾಡುವ ತಪ್ಪು ಇದೇ. ಮೊದಲನೇ ಗಡಿಯಲ್ಲಿ ಯಾರೂ ಇಲ್ಲ ಎಂದರೆ ಎರಡನೆಯದರಲ್ಲೂ ಇರುವುದಿಲ್ಲ ಎಂದುಕೊಳ್ಳುತ್ತಾರೆ. ನಾನು ಇನ್ನೂ ಒತ್ತಿ ಹೇಳಬೇಕಿತ್ತು. ಅವನ ಮಾತಿಗೆ ಸಿಟ್ಟು ಬಂದು ಸುಮ್ಮನಾದೆ. ಆ ಸಿಟ್ಟಿಗೆ ಇವತ್ತಿಗೂ ನನ್ನನ್ನೇ ಬೈದುಕೊಳ್ಳುತ್ತೇನೆ.

ಶನಿವಾರ ಅವನು ಬೇಕೆಂದೇ ನಮ್ಮ ಅಂಗಡಿ ಬಿಟ್ಟು ಬೇರೆ ಕಡೆ ಹೋದ. ಎಲ್ಲಿಗೆ ಎಂದು ಕೌಂಟರಿನ ಹುಡುಗಿ ಕೇಳಿದರೆ, "ಕ್ರೊಯೇಷಿಯಾಕ್ಕೆ, ಸಮುದ್ರ ನೋಡೋಕೆ" ಎಂದ. ಬೋಸ್ನಿಯಾ ಎಂದರೆ ಕಾರು ಕೊಡುವುದಿಲ್ಲ ಎಂಬ ಭಯ. ಅವಳು ಹಾಗೇ ಬರೆದುಕೊಂಡಳು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಗಂಡ ಹೆಂಡತಿ ಬೋಸ್ನಿಯಾದ ಗಡಿಯ ಸೇತುವೆ ತಲುಪಿದರು. ಅಲ್ಲಿಂದ ಅಮ್ಮನ ಮನೆಗೆ ಹತ್ತೇ ನಿಮಿಷದ ದಾರಿ. ಪೊಲೀಸಿನವನು ಕಾರಿನ ಕಾಗದ ತಿರುವಿ ಹಾಕಿದ.

"ಇದರಲ್ಲಿ ಕ್ರೊಯೇಷಿಯಾ ಅಂತಷ್ಟೇ ಇದೆ. ಅನುಮತಿ ಪತ್ರ ಎಲ್ಲಿ?"

"ಅಮ್ಮ ಸಾಯ್ತಾ ಇದ್ದಾಳೆ ಸ್ವಾಮಿ. ಇಲ್ಲೇ ಮನೆ."

"ಬಾಡಿಗೆ ಕಾರು ಕದ್ದು ಈ ದಾರೀಲೇ ಸಾಗಿಸ್ತಾರೆ. ಅವರೂ ಇದನ್ನೇ ಹೇಳ್ತಾರೆ."

ಕಾರು ಕೊಟ್ಟ ಅಂಗಡಿಗೆ ಫೋನು ಹೋಯಿತು. ಭಾನುವಾರ, ಯಾರೂ ಎತ್ತಲಿಲ್ಲ. ಕಾರು ಇಲ್ಲೇ ಬಿಟ್ಟು ನಡೆದು ಹೋಗುತ್ತೇನೆ ಎಂದ ಹಸಿಬ್. ಕಾರು ನಿನ್ನ ಹೆಸರಿನಲ್ಲಿದೆ, ಮಾಲೀಕರ ಮಾತು ಬರುವವರೆಗೆ ಕದಲಬೇಡ ಎಂದರು. ಮೆವ್ಲಿದಾಳನ್ನು ಮಾತ್ರ ಬಿಟ್ಟರು. ಅವಳು ನಡೆದು ಆಚೆ ಹೋಗಿ ನೆಂಟರ ಕಾರು ಹತ್ತಿದಳು.

ಮುಂದಿನದನ್ನು ಮೆವ್ಲಿದಾ ಒಂದೇ ಸಲ ಹೇಳಿದ್ದಾಳೆ. ಅವಳು ಅತ್ತೆಯ ಪಕ್ಕ ಕೂತು ಕೈ ಹಿಡಿದುಕೊಂಡಳು. ಮುದುಕಿ ಆ ಬೆರಳುಗಳನ್ನು ಒಂದೊಂದಾಗಿ ಸವರಿದಳು. ಹಸಿಬ್ ಟೈಲ್ಸ್ ಕೆಲಸದವನು, ಅವನ ಅಂಗೈ ಒರಟು.

"ಇದು ಅವನ ಕೈಯಲ್ಲ," ಎಂದಳಂತೆ. "ಇನ್ನೂ ಸಿಟ್ಟಲ್ಲೇ ಇದಾನೆ."

ಗಡಿಯಲ್ಲಿದ್ದಾನೆ, ಬರುತ್ತಿದ್ದಾನೆ ಎಂದು ಮೆವ್ಲಿದಾ ಕಿವಿಯ ಹತ್ತಿರ ಕೂಗಿ ಕೂಗಿ ಹೇಳಿದಳು. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಎರಡು ಗಂಟೆಗೆ ಜೀವ ಹೋಯಿತು. ಕಾರಿನ ಮಾಲೀಕ ಕೊನೆಗೆ ಫೋನಿಗೆ ಸಿಕ್ಕಿ ಹಸಿಬ್‌ನನ್ನು ಬಿಟ್ಟಾಗ ಮೂರೂವರೆ. ಕಾರು ಈಚೆಯೇ ಉಳಿಯಿತು, ಅವನು ಸೇತುವೆಯ ಮೇಲೆ ಓಡುತ್ತಾ ಹೋದ. ಅಮ್ಮನ ಕೈ ಹಿಡಿದು ಹಲಾಲ್ ಮಾಡು, ಹಲಾಲ್ ಮಾಡು ಎಂದು ಕೇಳುತ್ತಲೇ ಇದ್ದನಂತೆ.

ನಲವತ್ತನೇ ದಿನದ ಪ್ರಾರ್ಥನೆಗೆ ಮತ್ತೆ ಹೊರಡಬೇಕಾಯಿತು. ಹಳೇ ಕಾರನ್ನು ಗುಜರಿಗೆ ಹಾಕಿದ್ದರು. ಈ ಸಲ ಹಸಿಬ್ ನಮ್ಮ ಅಂಗಡಿಗೇ ಬಂದು, ಮೂರು ದಿನ ಮುಂಚೆಯೇ ಅನುಮತಿ ಪತ್ರ ಬರೆಸಿಕೊಂಡ. ಹಸಿರು ಕಾರ್ಡು ಕೇಳಿ ಇಸಕೊಂಡ. ಮೆವ್ಲಿದಾಳೂ ಓಡಿಸುತ್ತಾಳೆ ಎಂದು ಅವಳ ಹೆಸರನ್ನೂ ಸೇರಿಸಿದ. ನಾನು ಕಾರು ಒರೆಸುತ್ತಾ ನೋಡುತ್ತಿದ್ದೆ.

ಊರಿಂದ ಬಂದ ಮೇಲೆ ನನ್ನ ಅಡುಗೆಮನೆಯಲ್ಲಿ ಕೂತ. ಆ ಪತ್ರ ಇನ್ನೂ ಜೇಬಿನಲ್ಲೇ ಇತ್ತು.

"ಈ ಸಲ ಕೇಳ್ಲೇ ಇಲ್ಲ ಅಕ್ಕ. ಗಡಿ ಪೊಲೀಸಿನವನು ಹೋಗು ಅಂತ ಕೈ ಆಡಿಸಿದ ಅಷ್ಟೆ. ನಾನೇ ಕಾರು ನಿಲ್ಲಿಸಿ, ನೋಡಿ ಸ್ವಾಮಿ, ಪತ್ರ ಇದೆ, ಪತ್ರ ಇದೆ ಅಂತ ತೋರಿಸ್ತಾ ನಿಂತೆ."

ಆಮೇಲೆ ಅವನು ಅತ್ತ. ನನಗೂ ತಡೆಯಲಾಗಲಿಲ್ಲ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಎಲ್ಲ ಗಡಿಯಲ್ಲೂ ಕೇಳುತ್ತಾರೆ ಎಂದು ನಾನು ಹೇಳುವುದಿಲ್ಲ. ಕೇಳುವ ದಿನ ಯಾವುದು ಎಂದು ನಮಗೆ ಗೊತ್ತಿರುವುದಿಲ್ಲ, ಅಷ್ಟೇ. ಕೇಳದೆ ಬಿಟ್ಟರೂ ಆಚೆ ಎಲ್ಲಾದರೂ ಗುದ್ದಿಕೊಂಡರೆ ವಿಮೆಯವರು ಕೈ ತೊಳೆದುಕೊಳ್ಳಬಹುದು. ಬಾಡಿಗೆ ಕಾರು ಹಿಡಿಯುವ ಮೊದಲು ದಾಟುವ ದೇಶಗಳನ್ನೆಲ್ಲ ಹೇಳಿ, ಅನುಮತಿಯನ್ನು ಬರಹದಲ್ಲಿ ಕೇಳಿ, ಗಡಿಯಲ್ಲಿ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಎಲ್ಲಿಗೆ ಎಂದು ಕೌಂಟರಿನಲ್ಲಿ ಕೇಳಿದಾಗ ಸಮುದ್ರದ ಹೆಸರು ಹೇಳಬೇಡಿ. ನಿಮಗಾಗಿ ಕಾಯುತ್ತಿರುವವರ ಊರಿನ ಹೆಸರು ಹೇಳಿ.