ಒಲೆಗೂ ರಜೆ ಕೊಡಿ

ಉಣಕಲ್ಲಿನ ಮಕಬೂಲಸಾಬ ಗ್ಯಾರೇಜಿನ ಮನುಷ್ಯ. ಟ್ರಿಪ್ಪಿಗೆ ಹೊರಟರೆ ಅರ್ಧ ಅಡುಗೆಮನೆಯೇ ಗಾಡಿ ಹತ್ತಬೇಕು ಎನ್ನುವವನು. ಈ ಸಲ ಎರಡು ದಿನ ಕುಮಟಾದ ಕಡಲು, ಹತ್ತಿರದ ಮಿರ್ಜಾನಿನ ಹಳೆಯ ಕೋಟೆ. ಮನೆಮಂದಿಗೆಲ್ಲ ಖುಷಿ. ತನ್ನ ಕ್ರೂಸರ್ ಗಾಡಿಯ ಹಿಂದಿನ ಸೀಟು ಬಿಚ್ಚಿ, ಆ ಜಾಗದಲ್ಲಿ ಗ್ಯಾಸ್ ಸಿಲಿಂಡರ್ ಏರಿಸಿಟ್ಟ. ಆ ಸೀಟಿನಲ್ಲಿ ಕೂರಬೇಕಿದ್ದವಳು ಹೆಂಡತಿ ಹಾಜರಾಬಿ.

"ನೀ ಕಟಗಿ ಮಣಿ ಮ್ಯಾಲ ಕೂಡು. ಸಿಲಿಂಡರ್ ಹೊರಳದಂಗ ಹಿಡ್ಕೊಂಡಿರು," ಎಂದ.

ಹಾಜರಾಬಿ ಅಕ್ಕಿ ಆರಿಸುತ್ತಿದ್ದಳು. ಅಷ್ಟರಲ್ಲಿ ಅವಳ ಸ್ವಸಹಾಯ ಸಂಘದ ಗೆಳತಿ ಮುತ್ತವ್ವ ಬಂದಳು.

"ಏನ್ ಸಾಬ್ರ, ಮನಿ ಖಾಲಿ ಮಾಡಾಕತ್ತೀರೇನ್ರಿ?"

"ಟ್ರಿಪ್ಪಿಗೆ ಹೊಂಟೇವ್ರಿ ಅಕ್ಕಾರ. ಕ್ವಾಟ್ಯಾಗ ಕುಂತು ಬಿಸಿ ಬಿಸಿ ಬಿರಿಯಾನಿ!"

"ಮಂದಿ ತುಂಬಿದ ಗಾಡ್ಯಾಗ ಸಿಲಿಂಡರ್? ಸೋರಿದ್ರ ಒಂದು ಕಿಡಿ ಸಾಕ್ರಿ."

"ನಾ ಮೆಕ್ಯಾನಿಕ್ ಅದೀನ್ರಿ. ವಾಸನಿ ಹಿಡಿತೇನಿ."

"ನಿಮ್ಮ ಮೂಗು ಕೇಳಿ ಬೆಂಕಿ ಹತ್ತತೈತೇನ್ರಿ? ಮತ್ತ ಆ ಕ್ವಾಟಿ ನೂರಾರು ವರ್ಷ ನಿಂತೈತಿ. ಅದರ ಗ್ವಾಡಿಗೆ ಮಸಿ ಬಳಿಯಾಕ ನಾವ್ಯಾರು? ಅಲ್ಲೆ ಒಲಿ ಹಚ್ಚಬಾರದ್ರಿ."

ಮಕಬೂಲಸಾಬ ಸೋಲಲೊಪ್ಪಲಿಲ್ಲ. "ಹೊರಗಿನ ಊಟ ಹೊಟ್ಟಿಗೆ ಆಗೂದಿಲ್ರಿ. ಇವಳ ಕೈರುಚಿನ ಬ್ಯಾರೆ."

ಮುತ್ತವ್ವ ಹಾಜರಾಬಿಯ ಕಡೆ ತಿರುಗಿದಳು. "ಹೋದ ವರ್ಷ ಕಾರವಾರಕ್ಕ ಹೋಗಿದ್ರೆಲ್ಲ, ಸಮುದ್ರ ಹೆಂಗಿತ್ತವಾ?"

ಅಕ್ಕಿಯಲ್ಲಿದ್ದ ಕೈ ನಿಂತಿತು. ಗಾಳಿಗೆ ಒಲೆ ಆರದಂತೆ ಸೆರಗು ಅಡ್ಡ ಹಿಡಿದು ಕೂತದ್ದೊಂದೇ ಹಾಜರಾಬಿಗೆ ನೆನಪು.

"ಸಪ್ಪಳ ಛಲೋ ಇತ್ತವಾ. ನಾ ಗಾಡಿ ಹಿಂದ ಉಳ್ಳಾಗಡ್ಡಿ ಹೆಚ್ಚಾಕತ್ತಿದ್ನಿ. ಭಾಂಡೆ ತೊಳದು ಏಳೂದರಾಗ ಕತ್ತಲಾತು." ಗಂಡನ ಮುಖ ನೋಡಿದಳು. "ಈ ಸಲ ಒಲಿ ಬಂದ್ರ ನಾ ಬರೂದಿಲ್ರಿ. ಎರಡರಾಗ ಒಂದು ಕರ್ಕೊಂಡು ಹೋಗ್ರಿ."

ಮಗಳು ಉಜ್ಮಾ ಕಿಸಕ್ಕನೆ ನಕ್ಕಳು. "ಅಪ್ಪಾ, ಸಿಲಿಂಡರ್ ಜೋಡಿ ಫೋಟೋ ಛಲೋ ಬರೂದಿಲ್ಲ!"

ಮಕಬೂಲಸಾಬ ಸೀಟು ಬಿಚ್ಚಿದ ಪಾನಾವನ್ನೇ ಕೈಗೆತ್ತಿಕೊಂಡ. ಆಮೇಲೆ ಸಿಲಿಂಡರ್ ಇಳಿಸಿ, ಸೀಟನ್ನು ಮತ್ತೆ ಬಿಗಿದ. ದಾರಿಗೆ ರೊಟ್ಟಿ, ಶೇಂಗಾ ಚಟ್ನಿ. ರೊಟ್ಟಿ ಬಡಿಯಲು, ಚಟ್ನಿ ಕುಟ್ಟಲು ಮನೆಮಂದಿಯೆಲ್ಲ ಕೈ ಹಾಕಿದರು. ಅಲ್ಲಿ ಬಿಸಿಯಾಗಿ ಬಡಿಸುವ, ಸ್ವಚ್ಛ ಖಾನಾವಳಿ ನೋಡಿ ಉಣ್ಣುವುದೆಂದಾಯಿತು.

ಕುಮಟಾದಲ್ಲಿ ಹಾಜರಾಬಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಗಂಡ ಊಟಕ್ಕೆ ಕರೆದ. ಅವಳು ತಿರುಗದೆಯೇ ಕೂಗಿದಳು: "ನೀವ್ ಉಣ್ರಿ! ನನಗಿನ್ನೂ ನೋಡೂದೈತಿ!"

ಓದುವ ಅಣ್ಣಂದಿರೇ, ಅಕ್ಕಂದಿರೇ, ಪ್ರವಾಸ ಗೊತ್ತು ಮಾಡುವಾಗ ಮೊದಲು ಒಂದು ಮಾತು ಕೇಳಿ: ಅಲ್ಲಿ ದುಡಿಯುವವರು ಯಾರು? ಪ್ರತಿ ಸಲವೂ ಒಬ್ಬಳೇ ಆದರೆ ಅದರ ಹೆಸರು ರಜೆಯಲ್ಲ, ಬಿಟ್ಟಿ ಚಾಕರಿ. ಮಂದಿ ಕೂತ ಗಾಡಿಯಲ್ಲಿ ಸಿಲಿಂಡರ್ ಒಯ್ಯಬೇಡಿ. ಹಳೆಯ ಕೋಟೆಗಳಲ್ಲಿ ಬೆಂಕಿ ಹಚ್ಚಬೇಡಿ. ನಿಮ್ಮ ಮನೆಯವಳಿಗೂ ಎರಡು ಕಣ್ಣಿವೆ. ಲೋಕ ಅವಳದೂ ಹೌದು.